ರೈಸ್ ಸಾಹೇಬರ ಪ್ರಶ್ನಾರ್ಥಕ ಚಿಹ್ನೆ

ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಒಂದು ಹಳೆಯ ಈಶ್ವರ ದೇವಸ್ಥಾನವಿದೆ. ಎಷ್ಟು ಹಳೆಯದು ಅಂತ ಯಾರನ್ನು ಕೇಳಿದರೂ ಒಂದೊಂದು ಉತ್ತರ ಸಿಗುತ್ತದೆ. ಜನಮೇಜಯ ರಾಜ ಪ್ರತಿಷ್ಠೆ ಮಾಡಿದ ಲಿಂಗ ಎಂದು ಅಜ್ಜ ಹೇಳುತ್ತಿದ್ದರು. ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿದ್ದು ಎಂಬುದು ಕೆಳಗಿನ ಬೀದಿಯವರ ವಾದ. ಜೀರ್ಣೋದ್ಧಾರ ಕಮಿಟಿಯವರು ಈ ಎರಡನ್ನೂ ಪಕ್ಕಕ್ಕಿಟ್ಟು, ಹಣ ಸಂಗ್ರಹದ ಫ್ಲೆಕ್ಸಿನಲ್ಲಿ 1500 ವರ್ಷಗಳ ಇತಿಹಾಸವಿರುವ ದೇಗುಲ ಎಂದು ಹಾಕಿಸಿಬಿಟ್ಟರು. ಆಮೇಲೆ ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು. ಇತಿಹಾಸ ಓದುತ್ತಿರುವವಳು ಮನೆಯಲ್ಲಿ ನಾನೊಬ್ಬಳೇ. ಕಮಿಟಿ ಕಾರ್ಯದರ್ಶಿಯಾದ ದೊಡ್ಡಪ್ಪ, ಎರಡು ಪುಟ ಸಾಕು, ಆದರೆ ಇಸವಿ ಸರಿಯಾಗಿ ಇರಲಿ ಎಂದರು.

ಆ ಇಸವಿ ಹುಡುಕಲು ಹೋಗಿ ನನಗೆ ಸಿಕ್ಕವರು ಬೆಂಜಮಿನ್ ಲೂಯಿಸ್ ರೈಸ್. ಬಿ.ಎಲ್. ರೈಸ್ ಎಂದರೆ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬರುವ ಹೆಸರು, ಶಾಸನ ಪಿತಾಮಹ ಎಂಬ ಬಿರುದಿನವರು, ಅಷ್ಟೇ ಎಂದುಕೊಂಡಿದ್ದೆ. ಕಾಲೇಜು ಲೈಬ್ರರಿಯ ಮೂಲೆಯ ಬೀರುವಿನಲ್ಲಿ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟವಿತ್ತು. 1902ರಲ್ಲಿ ಪ್ರಕಟವಾದ ಹಾಸನ ಜಿಲ್ಲೆಯ ಸಂಪುಟ ಅದು. ನಮ್ಮ ತಾಲ್ಲೂಕು ತೆಗೆದು ಬೆರಳಿಟ್ಟು ಹುಡುಕುತ್ತಾ ಹೋದೆ. ನಮ್ಮೂರಿನ ಹೆಸರು ಇತ್ತು! ದೇವಸ್ಥಾನದ ಮುಂದೆ ಬೇಲಿಗೆ ಒರಗಿಕೊಂಡಿರುವ, ನಾವು ಚಿಕ್ಕವರಿದ್ದಾಗ ಕಬಡ್ಡಿ ಆಡುವಾಗ ಗಡಿಯಾಗಿ ಬಳಸುತ್ತಿದ್ದ ಆ ಕಲ್ಲಿನ ಬರಹ ಪೂರ್ತಿ ಅಚ್ಚಾಗಿತ್ತು. ಮೇಲೆ ಇಸವಿಯೂ ಇತ್ತು. 1187. ಆದರೆ ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ಚಿಹ್ನೆ ಯಾಕೆ ಎಂಬುದು ತಿಳಿಯಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಅದನ್ನು ಹಾಕಿದ ಮನುಷ್ಯನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ನಮ್ಮ ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಅವರ ಹೆಸರೂ ಬೆಂಜಮಿನ್ ರೈಸ್. ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ನಡುವೆ ಇರುವ ರೈಸ್ ಚರ್ಚ್ ಆ ತಂದೆಯ ನೆನಪಿನದು. ನಾನು ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕಾಗಿ ಅದರ ಮುಂದೆ ಓಡಾಡಿದ್ದೇನೆ, ಒಮ್ಮೆಯೂ ತಲೆಯೆತ್ತಿ ಹೆಸರು ಓದಿರಲಿಲ್ಲ. ಮಗನನ್ನು ಓದಿಗಾಗಿ ಇಂಗ್ಲೆಂಡಿಗೆ ಕಳಿಸಿದರು. ಓದು ಮುಗಿಸಿ 1860ರಲ್ಲಿ ರೈಸ್ ಮರಳಿ ಬಂದದ್ದು ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ಆಗ ಅವರಿಗೆ 23 ವರ್ಷ. ನನಗಿಂತ ಮೂರೇ ವರ್ಷ ದೊಡ್ಡವರು.

ಕೆಲವು ವರ್ಷಗಳಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಆಮೇಲೆ ಶಿಕ್ಷಣ ಇಲಾಖೆಯ ಮುಖ್ಯಸ್ಥರೂ ಆದರು. ಹೋಬಳಿಗೊಂದು ಕನ್ನಡ ಶಾಲೆ ಇರಬೇಕು ಎಂಬ ಯೋಜನೆಯಲ್ಲಿ ಅವರ ಪಾತ್ರ ದೊಡ್ಡದು. ಅಂದರೆ ಹಳ್ಳಿ ಹಳ್ಳಿ ತಿರುಗುವ ಕೆಲಸ. ಕುದುರೆಯೇ ಗತಿ. ಶಾಲೆ ನೋಡಲು ಹೋದ ಊರಿನ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು. ಊರಿನವರಿಗೆ ಓದಲು ಬಾರದ ಹಳಗನ್ನಡ. ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿ, ಕೆಲವು ಕಡೆ ಕಾಲುವೆಗೆ ಹಾಸಿದ ಸೇತುವೆಯಾಗಿ ಅವು ಬಿದ್ದಿರುವುದನ್ನು ನಾವು ಇವತ್ತೂ ನೋಡುತ್ತೇವೆ.

ಆ ಹೊತ್ತಿಗಾಗಲೇ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ರಾಜ್ಯದ ಸುಮಾರು 150 ಶಾಸನಗಳ ಫೋಟೊ ತೆಗೆದಿದ್ದರು. ಫೋಟೊ ಇದೆ, ಓದುವವರಿಲ್ಲ. ಆ ಕೆಲಸ ರೈಸ್ ಅವರ ಪಾಲಿಗೆ ಬಂತು. ಆ ಓದಿನ ಫಲವೇ 1879ರ ಮೈಸೂರ್ ಇನ್‌ಸ್ಕ್ರಿಪ್ಷನ್ಸ್ ಎಂಬ ಪುಸ್ತಕ. ಅದಕ್ಕೂ ಮೊದಲೇ ಅವರು ಮೈಸೂರು ಮತ್ತು ಕೊಡಗಿನ ಗೆಝೆಟಿಯರ್ ಬರೆದು ಮುಗಿಸಿದ್ದರು. ಒಬ್ಬ ಶಿಕ್ಷಣಾಧಿಕಾರಿ ತನ್ನ ನೌಕರಿಯ ಜೊತೆಗೆ ಇದನ್ನೆಲ್ಲ ಮಾಡಿದ್ದು ಹೇಗೆ ಎಂದು ನನಗಂತೂ ಅರ್ಥವಾಗುವುದಿಲ್ಲ. ಮನೆಯಲ್ಲಿ ಹತ್ತು ಮಕ್ಕಳು ಬೇರೆ.

1880ರ ದಶಕದ ಮಧ್ಯದಲ್ಲಿ ಮೈಸೂರು ಸರ್ಕಾರ ಪುರಾತತ್ವ ಸಂಶೋಧನೆಗೆಂದೇ ಇಲಾಖೆ ಆರಂಭಿಸಿತು. ರೈಸ್ ಅದರ ನಿರ್ದೇಶಕರು. ಶುರುವಿನಲ್ಲಿ ಇದು ಅವರ ಇತರ ಕೆಲಸಗಳ ಜೊತೆಗೆ ಇನ್ನೊಂದು ಕೆಲಸ, 1890ರ ನಂತರ ಪೂರ್ಣಾವಧಿ. ಅಲ್ಲಿಂದ ನಡೆದದ್ದು ನಿಜಕ್ಕೂ ದೊಡ್ಡ ಸಾಹಸ. ಒಂದೊಂದು ತಾಲ್ಲೂಕು ಹಿಡಿದು, ಊರೂರು ಸುತ್ತಿ, ಸಿಕ್ಕ ಪ್ರತಿ ಕಲ್ಲು, ಪ್ರತಿ ತಾಮ್ರಪಟ ನಕಲು ಮಾಡುವುದು. 1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ್ದು, 1894ರಲ್ಲಿ ಮೈಸೂರು ಜಿಲ್ಲೆಯ ಮೊದಲ ಭಾಗ, ಹೀಗೆ 1905ರ ಹೊತ್ತಿಗೆ 12 ಸಂಪುಟ. ಒಟ್ಟು ಸುಮಾರು 9 ಸಾವಿರ ಶಾಸನ. ಪ್ರತಿಯೊಂದಕ್ಕೂ ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ. ಅವರ ಜೊತೆ ದುಡಿದ ಪಂಡಿತರು, ಕಲ್ಲಿನ ಮುಂದೆ ಬಿಸಿಲಲ್ಲಿ ಕೂತು ಅಕ್ಷರ ಎತ್ತಿಕೊಂಡವರು ಅನೇಕರು. ಅವರಲ್ಲಿ ನಮಗೆ ಹೆಸರು ಗೊತ್ತಿರುವವರು ಆರ್. ನರಸಿಂಹಾಚಾರ್, ಮುಂದೆ ಕರ್ಣಾಟಕ ಕವಿಚರಿತೆ ಬರೆದವರು. ಉಳಿದವರ ಹೆಸರು ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ.

ಈಗ ಇಸವಿಯ ವಿಷಯಕ್ಕೆ ಬರುತ್ತೇನೆ. ನನ್ನ ತಲೆ ಕೆಡಿಸಿದ್ದು ಅದೇ.

ರೈಸ್ ಸಂಪುಟಗಳು ಬರುವ ಮೊದಲು ಒಂದು ದೇವಸ್ಥಾನದ ವಯಸ್ಸು ಹೇಳಲು ಇದ್ದದ್ದು ಎರಡೇ ದಾರಿ. ಒಂದು ಸ್ಥಳಪುರಾಣ, ಇನ್ನೊಂದು ಶಿಲ್ಪದ ಶೈಲಿ ನೋಡಿ ಊಹಿಸುವುದು. ಕಲ್ಲಿನ ಬರಹ ಮೂರನೆಯ ಸಾಕ್ಷಿಯಾಯಿತು. ಬೇಲೂರಿನದೇ ಉದಾಹರಣೆ ತೆಗೆದುಕೊಳ್ಳಿ. ವಿಷ್ಣುವರ್ಧನ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ ವಿವರ ಅಲ್ಲಿನ ಶಾಸನದಲ್ಲೇ ಇದೆ. ಶಕ ವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಮಾಸ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ, ಅಂದರೆ 1117. ಇದಕ್ಕೆ ತಾಳೆ ನೋಡುವ ಉಪಾಯವೂ ಇದೆ. ಸಂವತ್ಸರಗಳು ಅರವತ್ತು, ಪ್ರಭವದಿಂದ ಅಕ್ಷಯದವರೆಗೆ, ಮುಗಿದರೆ ಮತ್ತೆ ಮೊದಲಿನಿಂದ. ನಮ್ಮ ಯುಗಾದಿ ಪಂಚಾಂಗದಲ್ಲಿ 2017 ಹೇವಿಳಂಬಿ. ಅಲ್ಲಿಂದ ಅರವತ್ತರಂತೆ ಹದಿನೈದು ಸಲ ಹಿಂದಕ್ಕೆ ಹೋದರೆ ಸರಿಯಾಗಿ 1117ಕ್ಕೆ ಬಂದು ನಿಲ್ಲುತ್ತದೆ. ಇದನ್ನು ನಾನು ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿ ನೋಡಿದಾಗ ಆದ ಖುಷಿ ಹೇಳತೀರದು. ಅಜ್ಜಿ ಯುಗಾದಿ ದಿನ ಓದಿಸುವ ಪಂಚಾಂಗಕ್ಕೂ ಬೇಲೂರಿನ ಕಲ್ಲಿಗೂ ಒಂದೇ ದಾರ ಕಟ್ಟಿದಂತೆ.

ಕಲ್ಲು ಒಡೆದು ಶಕ ವರ್ಷದ ಅಂಕೆ ಹೋಗಿದ್ದರೂ ಈ ಸಂವತ್ಸರ ಕೈ ಹಿಡಿಯುತ್ತದೆ. ರಾಜನ ಹೆಸರು ಮತ್ತು ಸಂವತ್ಸರ ಉಳಿದಿದ್ದರೆ ಸಾಕು. ವಿಷ್ಣುವರ್ಧನನ ಹೆಸರೂ ಹೇವಿಳಂಬಿಯೂ ಇದ್ದರೆ ಅದು 1117 ಮಾತ್ರ ಆಗಬಲ್ಲದು. ಅದರ ಹಿಂದಿನ ಹೇವಿಳಂಬಿ 1057, ಆಗ ಅವನಿಲ್ಲ. ಮುಂದಿನದು 1177, ಆಗಲೂ ಅವನಿಲ್ಲ. ತಿಥಿಯ ಜೊತೆ ವಾರವನ್ನೂ ಕೆತ್ತಿದ್ದರೆ ಇನ್ನೂ ಒಳ್ಳೆಯದು. ಆ ತಿಥಿ ಆ ವರ್ಷ ಆ ವಾರವೇ ಬಂದಿತ್ತೇ ಎಂದು ಗಣಿತದಿಂದ ಪರೀಕ್ಷಿಸಬಹುದು. ಸುಳ್ಳು ಶಾಸನಗಳು ಸಿಕ್ಕಿಬೀಳುವುದು ಎಷ್ಟೋ ಸಲ ಇಲ್ಲೇ.

ನಮ್ಮೂರಿನ ಕಲ್ಲಿನಲ್ಲಿ ಶಕ ವರ್ಷ ಇರುವ ಸಾಲೇ ಚಕ್ಕೆ ಎದ್ದು ಹೋಗಿದೆ. ಉಳಿದಿರುವುದು ವೀರ ಬಲ್ಲಾಳ ಎಂಬ ಹೆಸರು ಮತ್ತು ಪ್ಲವಂಗ ಸಂವತ್ಸರ. ಸುಲಭ ಎಂದುಕೊಂಡು ಕೂತೆ. ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ, ಆ ನಡುವೆ ಪ್ಲವಂಗ ಬರುವುದು 1187ರಲ್ಲಿ. ಲೆಕ್ಕ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಬ್ಬ ಬಲ್ಲಾಳ ನೆನಪಾದ. ಹೊಯ್ಸಳರ ಕೊನೆಯ ದೊಡ್ಡ ರಾಜ ಮೂರನೆಯ ಬಲ್ಲಾಳ, 1292ರಿಂದ ಐವತ್ತು ವರ್ಷ ಆಳಿದವನು. ಅವನೂ ವೀರ ಬಲ್ಲಾಳನೇ. ಅವನ ಕಾಲದಲ್ಲೂ ಒಂದು ಪ್ಲವಂಗ ಬರುತ್ತದೆ, 1307ರಲ್ಲಿ. ನಡುವೆ ನೂರಿಪ್ಪತ್ತು ವರ್ಷದ ಅಂತರ! ಅಕ್ಷರದ ಬಾಗು, ರಾಜನ ಬಿರುದುಗಳು, ಭಾಷೆ ನೋಡಿ ರೈಸ್ 1187 ಎಂಬ ಕಡೆಗೆ ವಾಲಿರಬೇಕು. ವಾಲಿದ್ದಾರೆ ಅಷ್ಟೇ, ಖಚಿತ ಎಂದಿಲ್ಲ. ಅದಕ್ಕೇ ಆ ಚಿಹ್ನೆ.

ಸಂಪುಟ ತಿರುವಿದರೆ ಇಂಥ ಚಿಹ್ನೆಗಳು ಎಷ್ಟೋ ಕಡೆ ಕಾಣುತ್ತವೆ. ಇಸವಿಯೇ ಇಲ್ಲದ ಕಲ್ಲಿಗೆ ಸುಮಾರು ಎಂಬ ಮಾತು. ಓದಲಾಗದ ಕಡೆ ಚುಕ್ಕಿ ಸಾಲು. 9 ಸಾವಿರ ಕಲ್ಲು ಓದಿದವರು ಒಂದೊಂದರ ಮುಂದೆ ಕೂತು ಇದು ಗೊತ್ತು, ಇದು ಗೊತ್ತಿಲ್ಲ ಎಂದು ಬೇರೆ ಮಾಡಿದ್ದಾರೆ. ನನಗೆ ರೈಸ್ ಇಷ್ಟವಾಗಿದ್ದು 12 ಸಂಪುಟಗಳ ಲೆಕ್ಕದಿಂದಲ್ಲ, ಈ ಚಿಕ್ಕ ಚಿಹ್ನೆಯಿಂದ.

ಹಾಗೆಂದು ಅವರು ತಪ್ಪೇ ಮಾಡಲಿಲ್ಲ ಎಂದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಭದ್ರಬಾಹುವಿನ ಕತೆ ಹೇಳುವ ಪ್ರಸಿದ್ಧ ಶಾಸನವಿದೆ. ಚಂದ್ರಗುಪ್ತ ಮೌರ್ಯ ಅಲ್ಲಿಗೆ ಬಂದಿದ್ದನೆಂಬ ಪರಂಪರೆಗೆ ಅದು ಆಧಾರ. ರೈಸ್ ಅದನ್ನು ಬಹಳ ಹಳೆಯದೆಂದು ಭಾವಿಸಿದ್ದರು. ಅಕ್ಷರಗಳನ್ನು ನೋಡಿದ ನಂತರದ ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 600ಕ್ಕೆ ತಂದು ನಿಲ್ಲಿಸಿದರು. ಪ್ರೀತಿಸಿದ ಕಲ್ಲಿನ ವಯಸ್ಸು ಹೆಚ್ಚು ಎಂದು ಹೇಳುವ ಆಸೆ ನಮ್ಮೂರ ಕಮಿಟಿಗೆ ಮಾತ್ರ ಇರುವುದಲ್ಲ ಎಂದು ನನಗೆ ಅನಿಸಿದ್ದು ಆಗಲೇ.

ಗಂಗರ ತಾಮ್ರಪಟಗಳ ಜಗಳ ಇನ್ನೂ ದೊಡ್ಡದು. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಕೂಡ ಕನ್ನಡ ಶಾಸನಗಳ ಮಹಾ ಪಂಡಿತರು. ರೈಸ್ ಪ್ರಕಟಿಸಿದ ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ಖೋಟಾ, ಯಾರೋ ನಂತರದ ಕಾಲದಲ್ಲಿ ಭೂಮಿಯ ಆಸೆಗೆ ಹುಟ್ಟಿಸಿದವು ಎಂದು ಅವರು ವರ್ಷಗಟ್ಟಲೆ ವಾದಿಸಿದರು. ಆ ಪಟಗಳನ್ನೇ ನಂಬಿ ಗಂಗರ ವಂಶಾವಳಿ ಕಟ್ಟಿದ್ದ ರೈಸ್ ಒಪ್ಪಲಿಲ್ಲ. ಇಬ್ಬರೂ ಪತ್ರಿಕೆಗಳಲ್ಲಿ ಬರೆದು ಬರೆದು ಕಾದಾಡಿದರು. ಇವತ್ತು ನೋಡಿದರೆ ಇಬ್ಬರಿಗೂ ಅರ್ಧರ್ಧ ನ್ಯಾಯ ಸಿಕ್ಕಿದೆ. ಕೆಲವು ಪಟ ಖೋಟಾ ಎಂದೇ ತೀರ್ಮಾನವಾಗಿವೆ, ಕೆಲವು ನಿಜವಾದವು. ಗಂಗರ ಹಳಮೆಯಂತೂ ಸುಳ್ಳಾಗಲಿಲ್ಲ. ಫ್ಲೀಟ್ ಅಷ್ಟು ಬಿಗಿ ಹಿಡಿಯದಿದ್ದರೆ ನಮ್ಮ ಇತಿಹಾಸದಲ್ಲಿ ಇನ್ನೆಷ್ಟು ಖೋಟಾ ಸೇರಿಕೊಳ್ಳುತ್ತಿತ್ತೋ.

ರೈಸ್ ಅವರಿಗೆ ದೊಡ್ಡ ಹೆಸರು ತಂದದ್ದು 1892ರಲ್ಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ನಮ್ಮ ನೆಲದವರೆಗೂ ಬಂದಿತ್ತು ಎಂಬುದಕ್ಕೆ ಬಂಡೆಯೇ ಸಾಕ್ಷಿ ಹೇಳಿತು. ಇನ್ನೊಂದು ಕಡೆ ತಾಳೆಗರಿಗಳ ಬೇಟೆ ನಡೆದಿತ್ತು. ಪಂಪಭಾರತ ಅಚ್ಚಿನಲ್ಲಿ ಬಂದದ್ದು ಅವರ ಗ್ರಂಥಮಾಲೆಯಲ್ಲಿ, 1898ರಲ್ಲಿ. ಅದೇ ವರ್ಷ ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಆ ಮಾಲೆಯಲ್ಲೇ ಬಂತು. ಕನ್ನಡ ಎಂ.ಎ. ಓದುವವರು ಇವತ್ತಿಗೂ ಅವರ ಋಣದಲ್ಲಿದ್ದಾರೆ ಅಂದರೆ ಹೆಚ್ಚಾಗದು.

1906ರಲ್ಲಿ ನಿವೃತ್ತಿ. ಅವರ ಜಾಗಕ್ಕೆ ಬಂದವರು ನರಸಿಂಹಾಚಾರ್. ರೈಸ್ ಇಂಗ್ಲೆಂಡಿಗೆ ಹೋಗಿ ನೆಲೆಸಿದರು, ಅಲ್ಲೂ ಸುಮ್ಮನೆ ಕೂರಲಿಲ್ಲ. ಜೀವಮಾನವಿಡೀ ಓದಿದ ಕಲ್ಲುಗಳಿಂದಲೇ ಮೈಸೂರು ಮತ್ತು ಕೊಡಗಿನ ಚರಿತ್ರೆ ಬರೆದು 1909ರಲ್ಲಿ ಪ್ರಕಟಿಸಿದರು. ಇತ್ತ ನರಸಿಂಹಾಚಾರ್ ತಮ್ಮ ಹಿರಿಯರ ಕೆಲಸವನ್ನು ಪೂಜೆ ಮಾಡುತ್ತಾ ಕೂರಲಿಲ್ಲ, ತಿದ್ದಿದರು. ರೈಸ್ ಶ್ರವಣಬೆಳಗೊಳದಲ್ಲಿ ಪ್ರಕಟಿಸಿದ್ದು 144 ಶಾಸನ. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. ಆಗ ರೈಸ್ ಇನ್ನೂ ಬದುಕಿದ್ದರು. 1927ರ ಜುಲೈ 10ರಂದು ಹ್ಯಾರೋ ಎಂಬಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಒಂದೇ ವಾರ ಬಾಕಿ ಇತ್ತು.

ನನ್ನ ಕರಪತ್ರಕ್ಕೆ ಇನ್ನೊಂದು ತೊಡಕು ಉಳಿದಿತ್ತು. 1187 ಎಂದೇ ಇಟ್ಟುಕೊಳ್ಳೋಣ. ಅದು ಕಲ್ಲಿನ ವಯಸ್ಸು. ಗುಡಿಯ ವಯಸ್ಸು ಅದೇ ಆಗಬೇಕಿಲ್ಲ. ನಮ್ಮ ಕಲ್ಲಿನಲ್ಲಿರುವುದು ಊರ ಗಾವುಂಡನೊಬ್ಬ ದೇವರ ನಂದಾದೀಪಕ್ಕೆ ಗದ್ದೆ ಬಿಟ್ಟ ಸಂಗತಿ. ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು. ಕೊನೆಗೆ ಈ ದಾನ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂಬ ಎಂದಿನ ಶಾಪ. ದೇವಸ್ಥಾನ ಕಟ್ಟಿದ ಮಾತು ಎಲ್ಲೂ ಇಲ್ಲ. ದೀಪಕ್ಕೆ ಗದ್ದೆ ಬಿಡಬೇಕಾದರೆ ಗುಡಿ ಮೊದಲೇ ಇರಬೇಕು, ಎಷ್ಟು ಮೊದಲು ಎಂಬುದನ್ನು ಕಲ್ಲು ಹೇಳುವುದಿಲ್ಲ. ಎಲ್ಲ ಗುಡಿಗೂ ಬೇಲೂರಿನ ಅದೃಷ್ಟ ಇರುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಸಾಕ್ಷಿ ಸಿಕ್ಕಿದ್ದು ಗುಡಿಯಲ್ಲೇ ಅಲ್ಲ, ಕೆಲವು ಕಿಲೋಮೀಟರ್ ಆಚೆ ಘಟ್ಟದಹಳ್ಳಿಯಲ್ಲಿ. ಕೇತಮಲ್ಲ ಎಂಬ ಅಧಿಕಾರಿ ಅದನ್ನು ಕಟ್ಟಿಸಿದ ವಿಷಯ ಆ ಕಲ್ಲಿನಲ್ಲಿದೆ, ಇಸವಿ 1121. ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಅಷ್ಟು ಚೆಂದವಿದ್ದರೂ ಅದನ್ನು ಕಟ್ಟಿದ ಶಾಸನವೇ ಇಲ್ಲ. ಸುಮಾರು 1250 ಎಂದು ಶಿಲ್ಪ ನೋಡಿ ಹೇಳುತ್ತಾರೆ ಅಷ್ಟೇ.

ಹೀಗಾಗಿ ನಾನು ಬರೆದದ್ದು ಇಷ್ಟು. ನಮ್ಮ ದೇವಸ್ಥಾನ ಹೊಯ್ಸಳರ ಕಾಲದಲ್ಲಿ ಇತ್ತು, ಅದರ ದೀಪಕ್ಕೆ ಊರಿನವರೇ ಗದ್ದೆ ಬಿಟ್ಟಿದ್ದರು, ಆ ದಾನದ ವರ್ಷ 1187 ಇರಬಹುದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕಮಿಟಿ ಸಭೆಯಲ್ಲಿ ಓದಿದೆ. ಸುಮಾರು ಏಳುನೂರು ವರ್ಷ ಒಂದೇ ಏಟಿಗೆ ಹೋಯಿತಲ್ಲ ಎಂದು ಒಬ್ಬರಿಗೆ ಸಿಟ್ಟು ಬಂತು. ದಾನಿಗಳಿಗೆ ಏನು ಹೇಳುವುದು ಎಂದು ಇನ್ನೊಬ್ಬರಿಗೆ ಚಿಂತೆ. ದೊಡ್ಡಪ್ಪ ಮಾತ್ರ ಗದ್ದೆ ಬಿಟ್ಟ ಗಾವುಂಡನ ಹೆಸರು ಏನು ಅಂತ ಕೇಳಿದರು. ಹೇಳಿದೆ. ಆ ಹೆಸರನ್ನು ಎರಡು ಸಲ ಬಾಯಲ್ಲಿ ಅಂದುಕೊಂಡು, ಇದನ್ನೇ ಅಚ್ಚು ಹಾಕಿಸಿ ಎಂದು ಎದ್ದು ಹೋದರು.

ಅಚ್ಚಾಗಿ ಬಂತು. 500 ಪ್ರತಿ, ಬಣ್ಣದ ಹಾಳೆ, ಮುಖಪುಟದಲ್ಲಿ ನಮ್ಮ ಗುಡಿಯ ಫೋಟೊ. ಒಳಗೆ ಎಲ್ಲ ಸರಿಯಾಗಿತ್ತು, ಪ್ರಶ್ನಾರ್ಥಕ ಚಿಹ್ನೆಯೊಂದು ಬಿಟ್ಟು. ಟೈಪಿಂಗ್ ತಪ್ಪಿರಬೇಕೆಂದು ಪ್ರೆಸ್ಸಿನವರು ತೆಗೆದುಬಿಟ್ಟಿದ್ದರು. ಅವತ್ತು ಸಂಜೆ ನಾನು, ತಮ್ಮ, ದೊಡ್ಡಪ್ಪನ ಮಗಳು ಮೂವರೂ ಜಗುಲಿಯಲ್ಲಿ ಕೂತು ನೀಲಿ ಪೆನ್ನಿನಲ್ಲಿ ಒಂದೊಂದೇ ಪ್ರತಿಗೆ ಅದನ್ನು ಹಾಕಿದೆವು. ಮುನ್ನೂರರ ಹತ್ತಿರ ಬರುವಾಗ ಕರೆಂಟು ಹೋಯಿತು. ಉಳಿದವು ಚಿಹ್ನೆ ಇಲ್ಲದೆಯೇ ಹಂಚಿಹೋಗಿವೆ.